ಮುಟ್ಟಿದವರ ಹೆಸರು

ಮೂಢನಂಬಿಕೆಯ ವಿರುದ್ಧ ಭಾಷಣಕ್ಕೆ ನಿಂತ ಪ್ರೊಫೆಸರ್ ಗುರುಸಿದ್ದಯ್ಯನವರ ಲ್ಯಾಪ್‌ಟಾಪ್ ಆನ್ ಆಗುವುದು, ಆಫ್ ಆಗುವುದು, ಮತ್ತೆ ಆನ್ ಆಗುವುದು, ಇಷ್ಟೇ ಮಾಡುತ್ತಿತ್ತು. ಸಭೆ ಕಿಸಕ್ಕೆಂದಿತು. ಆ ಲ್ಯಾಪ್‌ಟಾಪನ್ನು ಅವರು ಹೆಂಡತಿಗೂ ಮುಟ್ಟಗೊಟ್ಟವರಲ್ಲ.

“ಯಾರ್ರೀ ಇದನ್ನ ಮುಟ್ಟಿದ್ದು? ನನಗೆ ಈಗಲೇ ಹೆಸರು ಬೇಕು!” ಎಂದು ಕಾಲೇಜಿನ ಗುಮಾಸ್ತೆಯ ಮೇಲೆ ಹರಿಹಾಯ್ದರು.

ಆಕೆ ಬಗ್ಗಿ ನೋಡಿದಳು. ಪವರ್ ಬಟನ್ ಒಳಕ್ಕೆ ಅಂಟಿಕೊಂಡಿತ್ತು. ಸಂದಿಯಲ್ಲಿ ಆಯುಧಪೂಜೆಯ ಗಂಧ, ಕುಂಕುಮ ಒಣಗಿ ಗಟ್ಟಿಯಾಗಿದ್ದವು.

“ಹೆಸರು ಮೈಕಿನಲ್ಲೇ ಹೇಳ್ಲಾ ಸರ್?” ಎಂದು ಮೆಲ್ಲಗೆ ಕೇಳಿದಳು.

ಬಾಗಿಲು ಹಾಕಿಕೊಂಡು ತಾವೇ ಅದಕ್ಕೆ ಬೊಟ್ಟಿಟ್ಟದ್ದು ಪ್ರೊಫೆಸರರಿಗೆ ನೆನಪಾಯಿತು. ಮೈಕಿಗೆ ಕೈ ಅಡ್ಡ ಹಿಡಿದರು.

“ಬೇಡಮ್ಮಾ,” ಎಂದರು. ‘ಅಮ್ಮಾ’ ಅವರ ಬಾಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಆಕೆ ಪಿನ್ನಿನಿಂದ ಗಂಧ ಕೆರೆದು, “ಧೂಳು ಅಷ್ಟೇ,” ಎಂದು ಸಭೆಗೆ ಹೇಳಿದಳು. ಆಮೇಲೆ ಅವರ ಕಿವಿಯಲ್ಲಿ, “ಮುಂದಿನ ವರ್ಷ ಮುಚ್ಚಳಕ್ಕೆ ಹಚ್ಚಿ ಸರ್. ದೇವರಿಗೆ ಅಲ್ಲೂ ಕಾಣುತ್ತೆ.”