ತಳ ಕೊಯ್ದ ಚೀಲಗಳು

ಪೂಜ್ಯ ಗುರುಪಾದ ಅಜ್ಜನವರು ಮಣ್ಣಕೇರಿಯ ಸಣ್ಣ ಮಠದ ಪಡಸಾಲೆಯಲ್ಲಿ ಕುಳಿತು, ದನದ ಹಿಂಡಿ ಬರುವ ಪ್ಲಾಸ್ಟಿಕ್ ಚೀಲಗಳನ್ನು ಕತ್ತರಿಸಿ ಕೈಚೀಲ ಹೊಲಿಯುತ್ತಿದ್ದರು. ಭಿಕ್ಷೆಗೆ ಹೋದಲ್ಲಿ ಜೋಳದ ಬದಲು ಖಾಲಿ ಚೀಲ ಬೇಡುತ್ತಿದ್ದರು. ಹೊಲಿದದ್ದನ್ನು ಸಂತೆಗೆ ಹೋಗುವ ಹೆಣ್ಣುಮಕ್ಕಳಿಗೆ ಪ್ರಸಾದವೆಂದು ಕೊಟ್ಟುಬಿಡುತ್ತಿದ್ದರು.

ಆ ಸೀಮೆಗೆಲ್ಲ ಹಿಂಡಿ ಮಾರುವವನು ಅಡಿವೆಪ್ಪ ಸಾಹುಕಾರ ಒಬ್ಬನೇ. ಆತನ ಹೆಸರು ಅಚ್ಚಾದ ಹಳೆಯ ಚೀಲಗಳಿಗೆ ಯಾರೋ ಮರದ ಹೊಟ್ಟು ಬೆರೆಸಿದ ಹಿಂಡಿ ತುಂಬಿ ಮಾರತೊಡಗಿದ್ದರು. ಎಮ್ಮೆಗಳ ಹಾಲು ಬತ್ತಿತು. ಶಾಪ ಬಿದ್ದದ್ದು ಅಡಿವೆಪ್ಪನಿಗೆ. ಅಜ್ಜನವರ ಚೀಲದ ಭಿಕ್ಷೆ ಶುರುವಾದದ್ದೂ ಅದೇ ದಿನಗಳಲ್ಲಿ. ಕಲಬೆರಕೆ ಮಾಡುವವರು ಅಜ್ಜನವರೇ ಎಂದುಕೊಳ್ಳಲು ಅಡಿವೆಪ್ಪನಿಗೆ ಅಷ್ಟೇ ಸಾಕಾಯಿತು. "ಕಾವಿ ಉಟ್ಟವರೆಲ್ಲಾ ಸಾಚಾ ಏನ್ರಿ?" ಎಂದು ಪೇಟೆಯ ತುಂಬ ಹೇಳಿಕೊಂಡು ತಿರುಗಿದ.

ಒಂದು ದಿನ ಭಕ್ತನಂತೆ ತೆಂಗಿನಕಾಯಿ ಹಿಡಿದು ಮಠಕ್ಕೇ ಬಂದ. ಕೈ ಮುಗಿದೇ ಇತ್ತು, ಕಣ್ಣು ಮಾತ್ರ ಒಳಕೋಣೆಯ ಬಾಗಿಲ ಮೇಲಿತ್ತು. ಅಜ್ಜನವರ ಪಾದಕ್ಕೆ ಹಿಂಡಿಯ ಧೂಳು ಮೆತ್ತಿದ್ದನ್ನು ಕಂಡು, ಸಿಕ್ಕೇಬಿಟ್ಟರು ಎಂದುಕೊಂಡ. ಹಿಂಡಿ ಚೀಲ ಜಾಡಿಸಿದರೆ ಧೂಳು ಬೀಳದೆ ವಿಭೂತಿ ಬೀಳುತ್ತದೆಯೇ, ಪಾಪ!

ಅಜ್ಜನವರು ಹೊಲಿಗೆಯಿಂದ ತಲೆಯೆತ್ತಲಿಲ್ಲ. "ಬಾಗಿಲಕ್ಕ ಚಿಲಕಿಲ್ಲ. ಹೋಗಿ ನೋಡಪಾ," ಎಂದರು.

ಅಡಿವೆಪ್ಪ ಒಳಹೊಕ್ಕು ರಾಶಿಯನ್ನೆಲ್ಲ ಕೆದರಿದ. ಎಲ್ಲವೂ ಆತನ ಹೆಸರಿನ ಚೀಲಗಳೇ. ಆದರೆ ಒಂದಕ್ಕೂ ತಳವಿರಲಿಲ್ಲ. ಹಿಡಿ ಹಿಂಡಿಯೂ ನಿಲ್ಲದಂತೆ ಕೊಯ್ದು ಇಟ್ಟಿದ್ದರು.

"ಬಂದ ಕೂಡಲೇ ತಳಾ ಯಾಕ ಕೊಯ್ತೀರಿ ಅಜ್ಜಾರ?"

"ಖಾಲಿ ಚೀಲ ಸಿಕ್ರ ಯಾರರೆ ಏನರೆ ತುಂಬತಾರ. ಮ್ಯಾಲ ನಿನ್ನ ಹೆಸರೈತಿ."

ಅಡಿವೆಪ್ಪ ಪಡಸಾಲೆಗೆ ಬಂದು ಅಜ್ಜನವರ ಮುಂದೆ ಕುಳಿತ. "ಪ್ಯಾಟ್ಯಾಗ ನಿಮ್ಮ ಹೆಸರು ಕೆಡಿಸೇನ್ರಿ, ಅಜ್ಜಾರ," ಎಂದು ಅತ್ತುಬಿಟ್ಟ.

"ನನ್ನ ಹೆಸರು ಯಾವ ಚೀಲದ ಮ್ಯಾಲೂ ಇಲ್ಲ, ಬಿಡು. ಈ ಸೂಜಿಗೆ ದಾರ ಏರಿಸು. ನನಗ ಕಣ್ಣು ಕಾಣೂದಿಲ್ಲ."

ಮರುದಿನ ಅಡಿವೆಪ್ಪ ತಾನು ಆಡಿದ್ದೆಲ್ಲ ಸುಳ್ಳೆಂದು ಅಂಗಡಿ ಅಂಗಡಿಗೂ ಹೋಗಿ ಹೇಳಿದ. ಆಮೇಲೆ ಮಠದ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಮನೆಗಳ ಮುಂದೆ ನಿಂತ. ಮೊದಲ ಮನೆಯ ಹೆಣ್ಣುಮಗಳು ಅರ್ಧ ಬಾಗಿಲು ತೆರೆದು, ಆತನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಖಾಲಿ ಚೀಲ ನಿಮಗ್ಯಾಕ ಬೇಕ್ರಿ, ಸಾಹುಕಾರ್ರ?"

ಅಡಿವೆಪ್ಪ ತಲೆ ತಗ್ಗಿಸಿ, ಕೊಟ್ಟರೆ ತೆಗೆದುಕೊಳ್ಳಲು ಎರಡೂ ಕೈ ಚಾಚಿ ನಿಂತಿದ್ದ.