ಕೋಡಿಗೆ ಬಿದ್ದ ಅರಗಿನ ಮುದ್ರೆ

ಕೂತ್ಕೊಳ್ರಪ್ಪಾ, ಗಲಾಟೆ ಬೇಡ. ಏಳು ಸೀಮೆಗೆ ಒಬ್ಬ ರಾಜ ಇದ್ದ. ಸೀಮೆಗೊಂದು ಕೆರೆ, ಕೆರೆಗೊಬ್ಬ ನೀರಗಂಟಿ. ಗದ್ದೆಗೆ ನೀರು ಬಿಡೋಕೆ ತೂಬು ಎತ್ತೋದು, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗೋಕೆ ಕೋಡಿಯ ಹಲಗೆ ಕೀಳೋದು ನೀರಗಂಟಿ ಕೆಲಸ. ದಂಡು, ಗಡಿ, ಸೀಮೆಸೀಮೆಗಳ ಜಗಳ ರಾಜನ ಕೆಲಸ. ಎಲ್ಲ ಸುಸೂತ್ರವಾಗಿತ್ತು.

ಮಂತ್ರಿ ಮುಕುಂದಯ್ಯನಿಗೆ ಇದನ್ನ ಸಹಿಸೋಕಾಗಲಿಲ್ಲ. "ಕಂಡಕಂಡವರು ತೂಬು ಎತ್ತಿದರೆ ದೊರೆಗೇನು ಬೆಲೆ?" ಅಂತ ರಾಜನ ಕಿವಿ ಊದಿದ. ತೂಬಿಗೆ, ಕೋಡಿಗೆ ಸರಪಳಿ ಬಿತ್ತು. ಸರಪಳಿಗೆ ಅರಗಿನ ಮುದ್ರೆ ಬಿತ್ತು. ಅಪ್ಪಣೆಯಿಲ್ಲದೆ ಮುದ್ರೆ ಒಡೆದವರ ಕೈ ಕಡಿಯೋದು ಅಂತ ಡಂಗುರವೂ ಆಯ್ತು.

ಕೊನೇ ಸೀಮೆಯ ನೀರಗಂಟಿ ಹೊನ್ನೀರಮ್ಮ. ಅವಳೂರಿಗೆ ರಾಜಧಾನಿ ಮೂರು ದಿನದ ದಾರಿ. ಸಸಿಮಡಿಗೆ ನೀರು ಬಿಡಲಾ ಅಂತ ಹೇಳಿಕಳಿಸಿದಳು. ಅಪ್ಪಣೆ ಬಂದಾಗ ಸಸಿ ಸುಟ್ಟುಹೋಗಿತ್ತು. ಮತ್ತೆ ಬಿತ್ತಿದ ಪೈರು ಕೊಯ್ಲಿಗೆ ಬಂತು, ತೂಬು ಮುಚ್ಚಲಾ ಅಂದಳು. ಅಪ್ಪಣೆ ಬಂದಾಗ ಪೈರು ಕೊಳೆತಿತ್ತು. ಆಮೇಲೆ ಮಳೆ ಹಿಡೀತು. ಕೆರೆ ತುಂಬಿದೆ, ಕೋಡಿ ಬಿಚ್ಚಲಾ ಅಂದಳು.

"ಸುಳ್ಳಿ! ನಾನೇ ಹೋಗಿ ನೋಡ್ತೀನಿ" ಅಂತ ಮಂತ್ರಿಯೇ ಬಂದ.

ಅವನು ದಾಟಿದ ಮೇಲೆ ದಾರಿಯ ಹಳ್ಳ ಉಕ್ಕಿತು, ವಾಪಸ್ ಹೋಗೋ ದಾರಿ ಮುಚ್ಚಿತು. ಇತ್ತ ಕೆರೆಯ ಏರಿ ಜಿನುಗತೊಡಗಿತು. ಕೆಳಗೆ ನೂರು ಮನೆ. ಹೊನ್ನೀರಮ್ಮನ ಬಾಣಂತಿ ಮಗಳೂ ಅಲ್ಲೇ.

"ಬಿಚ್ಚೇ ಕೋಡೀನ!" ಮಂತ್ರಿ ಚೀರಿದ.

"ಅಪ್ಪಣೆ ಓಲೆ ಕೊಡಿ ಬುದ್ಧಿ."

"ಅದು ಅರಮನೇಲಿದೆ ಕಣೇ!"

"ಹಂಗಾದ್ರೆ ನನ್ನ ಕೈ ಹೋಗುತ್ತೆ. ತಗೊಳ್ಳಿ ಕಲ್ಲು, ನೀವೇ ಒಡೀರಿ."

ಏರಿಯ ಮಣ್ಣು ದೊಪ್ಪನೆ ಕುಸೀತು. ಇವನು ಒಡೀದಿದ್ರೆ ನಾನೇ ಒಡೀತೀನಿ, ಕೈ ಹೋದ್ರೆ ಹೋಗ್ಲಿ ಅಂತ ಅವಳು ಹಲ್ಲು ಕಚ್ಚಿದಳು. ಅಷ್ಟರಲ್ಲಿ ಮಂತ್ರಿ ಕಲ್ಲು ಕಸಿದು ಮುದ್ರೆ ಜಜ್ಜಿದ. ಅವಳು ಸರಸರ ಹಲಗೆ ಕಿತ್ತಳು. ನೀರು ಕೋಡಿ ಹಾರಿ ಹೊರಟಿತು, ಊರು ಉಳೀತು.

ಮಳೆ ನಿಂತ ಮೇಲೆ ಅವಳು ಅರಗಿನ ಚೂರನ್ನ ಸೆರಗಲ್ಲಿ ಕಟ್ಕೊಂಡು ಅರಮನೆಗೆ ನಡೆದು ರಾಜನ ಮುಂದಿಟ್ಟಳು.

"ಒಡೆದವರು ಯಾರು?" ರಾಜ ಗುಡುಗಿದ.

"ಮಂತ್ರಿಗಳು, ಬುದ್ಧಿ."

ಮುಕುಂದಯ್ಯ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟ. "ಅಪ್ಪಣೆಗೆ ಕಾದಿದ್ರೆ ಊರೇ ಇರ್ತಿರಲಿಲ್ಲ ಪ್ರಭು!"

"ನಾನು ಮೂರು ಸಲ ಹೇಳಿಕಳಿಸಿದ್ದೂ ಅದನ್ನೇ" ಅಂದಳು ಹೊನ್ನೀರಮ್ಮ.

ರಾಜ ನಾಚಿ ತಲೆ ತಗ್ಗಿಸಿದ. "ಸೀಮೆಸೀಮೆ ನೀರಿಗೆ ಜಗಳಾಡಿದರೆ ನಾನು ಬರ್ತೀನಿ ತಾಯಿ. ನಿನ್ನೂರ ಕೋಡಿಗೆ ನೀನೇ ಒಡತಿ" ಅಂದ. ಮುಕುಂದಯ್ಯನ ಕೈ ಉಳೀತು, ಪದವಿ ಹೋಯ್ತು. ಅದೇ ಕೈಲಿ ಅವನು ಏರಿಗೆ ಮಣ್ಣು ಹೊತ್ತ.

ತಿಳೀತೇನ್ರಪ್ಪಾ? ನಾಡಿಗೆಲ್ಲ ಸೇರಿದ್ದನ್ನ ದೊರೆ ನೋಡಬೇಕು, ಊರಿಗೆ ಸೇರಿದ್ದನ್ನ ಊರಿಗೇ ಬಿಡಬೇಕು. ಎಲ್ಲಾ ದೊರೆ ಕೈಲೇ ಇರಲಿ ಅಂದವನು ತನ್ನ ಕೈ ಬಚ್ಚಿಟ್ಕೋಬೇಕಾಯ್ತು, ನೋಡಿ.