ಮೊಗಣ್ಣ ಎಲೆಯಾಟ ಕಲಿತದ್ದು

ಹೂಂಗುಟ್ಟೋರು ಇದ್ದರೆ ಹೇಳ್ತೀನಿ. ಇಲ್ಲದಿದ್ದರೆ ನನ್ನ ಪಾಡಿಗೆ ನಾನೇ ಹೇಳ್ಕೋತೀನಿ.

ದ್ಯಾವೀರಮ್ಮ ಅಂತ ಒಬ್ಬ ತಾಯಿ. ಅವಳಿಗೆ ಮೊಗಣ್ಣ ಅಂತ ಒಬ್ಬನೇ ಮಗ. ಆಳು ನೋಡಿದರೆ ಆನೆ, ಮನಸ್ಸು ನೋಡಿದರೆ ಹಾಲು, ಬುದ್ಧಿ ಹಂಚೋ ದಿನ ಮಾತ್ರ ಅವನು ಎಲ್ಲಿಗೋ ಹೋಗಿದ್ದ! ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. "ಬಾಗಿಲು ನೋಡ್ಕೊಳ್ಲಾ" ಅಂದರೆ ಸಂಜೆ ತನಕ ಬಾಗಿಲನ್ನೇ ನೋಡ್ತಾ ನಿಲ್ಲೋನು. ಹಿತ್ತಲ ಕಡೆಯಿಂದ ಹಸು ನುಗ್ಗಿ ಅಕ್ಕಿ ತಿಂದು ಹೋಗೋದು.

ಆ ತಾಯಿಗೆ ಇದ್ದದ್ದು ಒಂದೇ ಆಸೆ. ಅದೇ ಊರಲ್ಲಿದ್ದ ಅಣ್ಣ ಹಲಗೇಗೌಡನ ಮಗಳು ಕೆಂಪಾಜಿಯನ್ನು ಸೊಸೆ ಮಾಡ್ಕೋಬೇಕು. ಕೆಂಪಾಜಿಗೂ ಮೊಗಣ್ಣ ಅಂದರೆ ಇಷ್ಟವೇ. ಆದರೆ ಹಲಗೇಗೌಡನಿಗೆ ಇಸ್ಪೀಟಿನ ಹುಚ್ಚು. ಅದರಲ್ಲೂ ಮೂರೆಲೆ ಆಟ. ಆಳಿಗೆ ಮೂರು ಎಲೆ ಹಂಚೋದು, ಆ ಮೂರಕ್ಕೆ 'ಕೈ' ಅನ್ನೋದು, ಹುಣಸೆಬೀಜ ಒಡ್ಡೋದು, ಒಬ್ಬನು ಹೆದರಿ ಎಲೆ ಬಿಸಾಕೋ ತನಕ ಏರಿಸ್ತಾ ಹೋಗೋದು. "ಯುಗಾದಿ ದಿನ ಮೂರೆಲೇಲಿ ನನ್ನ ಗೆದ್ದೋನಿಗೇ ಮಗಳು" ಅಂದುಬಿಟ್ಟ.

ದ್ಯಾವೀರಮ್ಮ ಹುಟ್ಟಿದಾಗಿನಿಂದ ಅಣ್ಣನ ಆಟ ಕಂಡೋಳು. ಮಗನನ್ನು ಜಗಲಿ ಮೇಲೆ ಕೂರಿಸಿಕೊಂಡು ಮೂರು ಎಲೆ ಹಂಚಿದಳು. ಮೊಗಣ್ಣ ಮೂರೂ ಎಲೆಯನ್ನು ಎಲ್ಲರಿಗೂ ಕಾಣೋ ಹಾಗೆ ಹರಡಿಕೊಂಡು ಕೂತ.

"ಅಯ್ಯೋ ಪೆದ್ದ! ಎಲೇನ ಹಂಗೆ ಹರಡ್ತಾರಾ? ಎದೆಗೆ ಒತ್ತಿ ಹಿಡ್ಕೋಬೇಕು ಕಣ್ಲಾ! ಯಾರು ಇಣುಕಿದ್ರೂ ಕಾಣಬಾರ್ದು!"

"ಆಗ್ಲಿ ಕಣವ್ವ. ಎಲೇನ ಎದೆಗೆ ಒತ್ತಿ ಹಿಡ್ಕೋತೀನಿ."

ಮಾರನೇ ದಿನವೇ ಮಾವನ ಮನೆಯಲ್ಲಿ ಔತಣದೂಟ. ಮೊಗಣ್ಣನ ಮುಂದೆ ಬಾಳೆ ಎಲೆ ಹಾಕಿದರು. ಪಲ್ಯ ಬಂತು, ಅನ್ನ ಬಂತು, ಸಾರು ಬಂತು, ಪಾಯಸ ಬಂತು. ಪಕ್ಕದಲ್ಲಿ ಕೂತಿದ್ದ ಮಾವ ಸುಮ್ಮನೆ ಇವನ ಎಲೆ ಕಡೆ ಒಂದ್ಸಲ ನೋಡಿದ. ತಗೋ! ಮೊಗಣ್ಣ ಎಲೆ ಎತ್ತಿದೋನೇ ಎದೆಗೆ ಒತ್ತಿಕೊಂಡ! ಸಾರು ಹೊಟ್ಟೆ ಮೇಲೆ, ಪಾಯಸ ಪಂಚೆ ಮೇಲೆ.

"ಏನ್ಲಾ ಇದು?" ಅಂದ ಮಾವ.

"ನೀನು ಇಣುಕಬಾರ್ದು ಮಾವ!"

ಮನೆಗೆ ಬಂದ ಮಗನನ್ನು ಕಂಡು ದ್ಯಾವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಉಣ್ಣೋ ಎಲೇನೇ ಬೇರೆ, ಆಡೋ ಎಲೇನೇ ಬೇರೆ ಕಣೋ! ನಿನ್ನ ಎಲೆ ಹಾಳಾಗೋಗ್ಲಿ, ಎದುರಿಗಿರೋನ ಮುಖ ನೋಡೋದು ಕಲಿ! ಮುಖ ಸಪ್ಪಗೆ ಮಾಡ್ಕಂಡವ್ನೆ ಅಂದ್ರೆ ನಂಬಬೇಡ. ಒಳ್ಳೇದೇ ಸಿಕ್ಕೈತೆ, ಒಳಗೊಳಗೇ ಕುಣೀತಾವ್ನೆ ಅಂತ ತಿಳ್ಕೊ!"

"ಆಗ್ಲಿ ಕಣವ್ವ. ಮುಖ ನೋಡ್ತೀನಿ, ನಂಬಾಕಿಲ್ಲ."

ಬೀದಿಗೆ ಬಂದ. ಪಕ್ಕದ ಮನೆ ಮಾಯಿಗಣ್ಣನ ಎಮ್ಮೆ ಸತ್ತು ಬಿದ್ದಿತ್ತು. ಕರೆಯೋ ಎಮ್ಮೆ, ಪಾಪ. ಮಾಯಿಗಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೊಗಣ್ಣ ಹತ್ತಿರ ಹೋದ, ಬಗ್ಗಿದ, ಮುಖಕ್ಕೆ ಮುಖ ಕೊಟ್ಟು ನೋಡಿದ. ಸಪ್ಪಗಿತ್ತು!

"ಸಾಕು ಬುಡು ಮಾಯಿಗಣ್ಣ ನಾಟಕ! ಒಳಗೊಳಗೇ ಕುಣೀತಿದ್ದೀಯ! ನಂಗೊತ್ತಿಲ್ವಾ?"

ಎಮ್ಮೆ ಹಗ್ಗ ಇನ್ನೂ ಮಾಯಿಗಣ್ಣನ ಕೈಯಲ್ಲೇ ಇತ್ತು. ಬೀದಿ ಉದ್ದಕ್ಕೂ ಅಟ್ಟಾಡಿಸಿಕೊಂಡು ಬಂದ.

"ಅಯ್ಯೋ ನನ್ನ ಕರ್ಮವೇ!" ಅಂದಳು ತಾಯಿ, ಮಗನ ಬೆನ್ನಿಗೆ ಎಣ್ಣೆ ಹಚ್ತಾ. "ಮೇಲ್ಮೇಲೆ ನೋಡಿದ್ದಕ್ಕೇ ಹಿಂಗಾದದ್ದು. ಮುಖ ಯಾಕೆ ಸಪ್ಪಗದೆ, ಆ ಎಲೆ ಯಾಕೆ ಬುಟ್ಟ, ಇಷ್ಟು ಬೀಜ ಯಾಕೆ ಒಡ್ಡಿದ, ಎಲ್ಲಾನೂ ಆಳಕ್ಕೆ ಇಳಿದು ಯೋಚ್ನೆ ಮಾಡ್ಬೇಕು ಕಣ್ಲಾ. ಆಳಕ್ಕೆ!"

"ಆಗ್ಲಿ ಕಣವ್ವ. ಆಳಕ್ಕೆ ಇಳಿದು ಯೋಚ್ನೆ ಮಾಡ್ತೀನಿ."

ಬೆಳಿಗ್ಗೆ ಕೆಂಪಾಜಿ ನೀರಿಗೆ ಬಂದರೆ ಏನು ನೋಡೋದು! ಮೆಟ್ಟಿಲು ಬಾವಿಯಲ್ಲಿ ಕುತ್ತಿಗೆ ತನಕ ನೀರು, ಮೇಲೆ ಮೊಗಣ್ಣನ ತಲೆ!

"ಏನ್ ಬಾವ, ಅಲ್ಲೇನು ಮಾಡ್ತಿದ್ದೀಯ?"

"ಆಳಕ್ಕೆ ಇಳಿದು ಯೋಚ್ನೆ ಮಾಡ್ತಾವ್ನಿ."

"ಏನ್ ಹೊಳೀತು?"

"ಚಳಿ."

ಕೆಂಪಾಜಿ ಬಿಂದಿಗೆ ಕೆಳಗಿಟ್ಟು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಅಂದಳು, "ನಾಳಿದ್ದೇ ಯುಗಾದಿ ಬಾವ. ಸೋತ್ರೆ ನನ್ನ ಪರ ಊರಿಗೆ ಕೊಡ್ತಾರಂತೆ." ಮೊಗಣ್ಣ ಇನ್ನೂ ಆಳ ಬೇಕೇನೋ ಅಂತ ಒಂದು ಮೆಟ್ಟಿಲು ಕೆಳಗಿಳಿದ. ಬುಳುಬುಳು! ಕೆಂಪಾಜಿಯೇ ಜುಟ್ಟು ಹಿಡಿದು ಎಳೆದಳು.

ದ್ಯಾವೀರಮ್ಮನಿಗೆ ಬಯ್ಯೋಕೂ ತ್ರಾಣ ಉಳಿದಿರಲಿಲ್ಲ. "ಯೋಚ್ನೆ ಬ್ಯಾಡ, ಏನೂ ಬ್ಯಾಡ. ಒಂದೇ ಮಾತು ನೆನಪಿಟ್ಕೊ ಮಗ. ಒಳ್ಳೇ ಕೈ ಸಿಕ್ತೋ, ಯಾರು ಏನಂದ್ರೂ ಬುಡಬೇಡ."

"ಆಗ್ಲಿ ಕಣವ್ವ. ಒಳ್ಳೇ ಕೈ ಸಿಕ್ಕಿದ್ರೆ ಬುಡಾಕಿಲ್ಲ."

ಯುಗಾದಿ ಬಂತು. ಊರ ಚಾವಡಿಯಲ್ಲಿ ಮಾವ ಅಳಿಯ ಎದುರುಬದುರು ಕೂತರು. ಹಲಗೇಗೌಡನಿಗೆ ಬಿದ್ದದ್ದು ಮೂರೂ ರಾಜ! ಮೂರು ಎಕ್ಕ ಬಿಟ್ಟರೆ ಅದನ್ನು ಮೀರಿಸೋ ಕೈಯೇ ಇಲ್ಲ. ಮೀಸೆ ತಿರುವಿ ಒಂದು ಹಿಡಿ ಬೀಜ ಒಡ್ಡಿದ. ಮೊಗಣ್ಣ ತನ್ನ ಎಲೆ ನೋಡಿದ. ಚೆಂದವಾಗೇ ಕಂಡವು. ತಾನೂ ಒಂದು ಹಿಡಿ ಒಡ್ಡಿದ. ಮಾವ ಏರಿಸಿದ, ಇವನೂ ಏರಿಸಿದ. ಮಾವ ಮತ್ತೂ ಏರಿಸಿದ, ಇವನು ಚೀಲವನ್ನೇ ಸುರಿದ!

ಹಲಗೇಗೌಡ ಅಳಿಯನ ಮುಖ ನೋಡಿದ. ಅರಳಿರಲಿಲ್ಲ, ಬಾಡಿರಲಿಲ್ಲ, ಕಲ್ಲಿನ ಬಸವನಂಗಿತ್ತು. 'ಎಲೆ ಎದೆಗೆ ಒತ್ಕಂಡವ್ನೆ. ಕಣ್ಣು ಮಿಟುಕಿಸ್ತಿಲ್ಲ. ಪೆದ್ದನಂಗೆ ಇದ್ದು ಇದ್ದು ಇವತ್ತಿಗೇ ಕಾದಿದ್ದಾನೆ ಕಳ್ಳ! ಇವನತ್ರ ಮೂರೂ ಎಕ್ಕವೇ ಐತೆ' ಅಂತ ಲೆಕ್ಕ ಹಾಕಿದ. ಬೆವರಿದ. ಮೂರೂ ರಾಜನನ್ನು ನೆಲಕ್ಕೆ ಬಿಸಾಕಿದ.

"ಸೋತೆ ಕಣ್ಲಾ ಅಳಿಯ!"

ಆಮೇಲೆ ದ್ಯಾವೀರಮ್ಮ ಮಗನ ಎಲೆ ಇಸಕೊಂಡು ನೋಡಿದರೆ ಎರಡು, ಐದು, ಏಳು! ಒಂದಕ್ಕೊಂದು ಸಂಬಂಧವೇ ಇಲ್ಲ! ಯಾರಿಗೂ ಕಾಣದ ಹಾಗೆ ಎಲೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮದುವೆ ಗೊತ್ತಾಯ್ತು. ಚಪ್ಪರ ಎದ್ದಿತು, ಓಲಗ ಮೊಳಗಿತು. ಧಾರೆ ಮುಗೀತು. ಐನೋರು "ಕೈ ಹಿಡ್ಕೊಳಪ್ಪ" ಅಂದರು. ಅದೇ ಹೊತ್ತಿಗೆ ಹಲಗೇಗೌಡ ಮಗಳ ಕೈ ಹಿಡಿದುಕೊಡೋಣ ಅಂತ ತನ್ನ ಕೈ ಮುಂದೆ ಚಾಚಿದ. ದಪ್ಪ ಕೈ, ಬೆಚ್ಚಗಿನ ಕೈ, ಎರಡು ಉಂಗುರ ಬೇರೆ. ಮೊಗಣ್ಣ ನೋಡಿದ. ಒಳ್ಳೇ ಕೈ! ಗಬಕ್ಕನೆ ಹಿಡಿದ.

"ಬುಡ್ಲಾ, ನಾನು ನಿನ್ನ ಮಾವ!"

"ಬುಡಾಕಿಲ್ಲ!"

"ಬುಡಪ್ಪ ಮೊಗಣ್ಣ!" ಅಂದರು ಐನೋರು.

"ಯಾರು ಏನಂದ್ರೂ ಬುಡಾಕಿಲ್ಲ!"

ಎಳೆದರು, ಜಗ್ಗಿದರು, ಕಚಗುಳಿ ಇಟ್ಟರು. ಊಹೂಂ! ಕೊನೆಗೆ ಓಲಗದೋರು ಎಷ್ಟೊತ್ತು ಅಂತ ಕಾದಾರು? ಊದಿಕೊಂಡು ಗಂಡಿನ ಮನೆ ಕಡೆ ಮುಂದೆ ಹೊರಟರು. ಹಿಂದೆ ಮೊಗಣ್ಣ, ಅವನ ಕೈಯಲ್ಲಿ ಹಲಗೇಗೌಡ, ಅವರ ಹಿಂದೆ ನಕ್ಕು ನಕ್ಕು ಕಣ್ಣೊರೆಸಿಕೊಳ್ತಾ ಕೆಂಪಾಜಿ. ದ್ಯಾವೀರಮ್ಮ ಹೊಸಿಲ ಮೇಲೆ ಸೇರಿನ ತುಂಬ ಅಕ್ಕಿ ಇಟ್ಟು ಆರತಿ ಹಿಡಿದು ನಿಂತಿದ್ದಳು. ಮೊಗಣ್ಣ ಮೀಸೆ ಹೊತ್ತ ಮಾವನನ್ನು ಹೊಸಿಲ ಮುಂದೆ ತಂದು ನಿಲ್ಲಿಸಿ ಹೇಳಿದ:

"ಬಲಗಾಲಿಟ್ಟು ಒಳಗೆ ಬಾ ಮಾವ!"